ಹೆಡ್‌ಮೇಡಂಗೊಂದು ಹುಂಜ

"ಕೋಳಿ ಬೇಡ ಮಾವ," ಎಂದು ಪ್ರಮೀಳಾ ಬಸ್‌ಸ್ಟಾಪಿನಲ್ಲಿ ಮತ್ತೆ ಹೇಳಿದಳು. ಮನೆಯಲ್ಲಿ ಹೇಳಿದ್ದಳು, ದಾರಿಯಲ್ಲೂ ಹೇಳಿದ್ದಳು. ನಿಂಗಯ್ಯ ಆಗಲೂ ಕೇಳಿಸಿಕೊಂಡಿರಲಿಲ್ಲ, ಈಗಲೂ ಕೇಳಿಸಿಕೊಳ್ಳಲಿಲ್ಲ. ಗೊಬ್ಬರದ ಚೀಲದಿಂದ ಹೊಲಿದ ಬ್ಯಾಗಿನೊಳಗೆ ಕಾಲು ಕಟ್ಟಿಸಿಕೊಂಡು ಕೂತಿದ್ದ ಕೆಂಪು ಹುಂಜ ಮಾತ್ರ ತಲೆ ಹೊರಗೆ ಹಾಕಿ ಅವಳನ್ನೇ ನೋಡಿತು.

"ಸುಮ್ಕಿರವ್ವ. ದೊಡ್ಡೋರ ತಾವ್ಕೆ ಬರಿಗೈಲಿ ಓಗಕಾದದಾ? ನಿನ್ನ ಕೇಳಕೆ ನಿಮ್ಮೂರ್ಗೆ ಬಂದಾಗ್ಲೂ ಉಂಜ ಇಡ್ಕೊಂಡೇ ಬಂದಿದ್ದೆ. ಕೆಲ್ಸ ಆಗ್ನಿಲ್ವಾ?"

ಪ್ರಮೀಳಾ ಮಗಳ ಜಡೆಯ ರಿಬ್ಬನ್ನನ್ನು ಬಿಚ್ಚಿ ಮತ್ತೆ ಕಟ್ಟಿದಳು. ಅದು ಸರಿಯಾಗಿಯೇ ಇತ್ತು.

ಅವಳಿಗೆ ಸಾಕುಸಾಕಾಗಿ ಹೋಗಿತ್ತು. ಮಗಳು ಸ್ಪಂದನಾ ಊರ ಶಾಲೆಯಲ್ಲಿ ಐದನೇ ಕ್ಲಾಸು ಮುಗಿಸಿದ್ದಳು; ಆ ಶಾಲೆ ಇರುವುದೇ ಅಲ್ಲಿಯವರೆಗೆ. ಆರನೆಯದಕ್ಕೆ ಎಲ್ಲಿಗೆ ಎಂಬ ಇಷ್ಟು ಸಣ್ಣ ಪ್ರಶ್ನೆಯನ್ನು ಮಾವ ಬೇಸಿಗೆಯಿಡೀ ಎಳೆದಾಡಿದ್ದ. ಪಿರಿಯಾಪಟ್ಟಣದ ಇಂಗ್ಲಿಷ್ ಮೀಡಿಯಮ್ಮಿಗೆ ಹೋದರೆ ಅಲ್ಲಿ ಮಂಡಿ ಕಾಣುವ ಸ್ಕರ್ಟು, ವಾರ್ಷಿಕೋತ್ಸವಕ್ಕೆ ಸಿನಿಮಾ ಡ್ಯಾನ್ಸು. "ಕುಣ್ಸಕೆ ಕಳುಸ್ಬೇಕಾ ನಾವು?" ಎಂದು ಎದ್ದು ಬಂದ. ಹುಣಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಮೊಮ್ಮಗಳ ತಲೆ ಸವರಿ, ಎಲ್ಲರಿಗೂ ಬಿಸ್ಕತ್ತು ಕೊಟ್ಟರು. ನಿಂಗಯ್ಯ ಬಿಸ್ಕತ್ತು ತಿಂದು ಮುಗಿಸಿದ, ಆಮೇಲೆ ಗೋಡೆಯ ಮೇಲಿನ ಶಿಲುಬೆ ತೋರಿಸಿ ಬೇಡ ಎಂದ. ಹಾರನಹಳ್ಳಿಯ ಸರ್ಕಾರಿ ಶಾಲೆಯಂತೂ ನಡೆದು ಹೋಗುವಷ್ಟು ಹತ್ತಿರ, ಹೆಡ್‌ಮೇಷ್ಟ್ರು ಚೆಲುವಯ್ಯ ಒಳ್ಳೆಯವರು. ಅದರ ಗೇಟನ್ನೂ ದಾಟಲಿಲ್ಲ. "ಗಂಡುಡುಗ್ರು ಎಣ್ಣುಡುಗ್ರು ಒಂದೇ ರೂಮ್ನಲ್ಲಿ. ಅದೂ ಎಂತೆಂತಾ ಮನೆ ಮಕ್ಳು ಬತ್ತವೋ ಏನೋ," ಎಂದು ಮುಖ ಸಿಂಡರಿಸಿದ.

ಗಂಡ ರಘುವಿಗೆ ಹೊಗೆಸೊಪ್ಪಿನ ನಾಟಿ. ಏನು ಕೇಳಿದರೂ "ಅಪ್ಪನ್ನ ಕೇಳು" ಅನ್ನುತ್ತಿದ್ದ. ಅಪ್ಪನನ್ನು ಕೇಳಿದರೆ, "ಒಳ್ಳೆ ಸ್ಕೂಲ್ ಸಿಕ್ನಿಲ್ಲಾಂದ್ರೆ ಈ ವರ್ಸ ಮನೇಲಿರ್ಲಿ ಬುಡು." ಪ್ರಮೀಳಾ ಹೆದರುತ್ತಿದ್ದುದು ಆ ಮಾತಿಗೆ. ಅವಳು ಏಳನೇ ಕ್ಲಾಸು ಮುಗಿಸಿದಾಗ ಅವಳಪ್ಪನೂ ಈ ವರ್ಷ ಇರಲಿ ಬಿಡು ಎಂದಿದ್ದ. ಆ ವರ್ಷ ಇನ್ನೂ ಮುಗಿದಿರಲಿಲ್ಲ.

ಕೊನೆಗೆ ಸಾಲಿಗ್ರಾಮದ ನೆಂಟ ಮಂಟಯ್ಯ ಒಂದು ಶಾಲೆಯ ಸುದ್ದಿ ತಂದ. ಕೆ.ಆರ್. ನಗರದಿಂದ ಆಚೆ, ಹೆಣ್ಣುಮಕ್ಕಳಿಗೆ ಮಾತ್ರ, ಅಲ್ಲೇ ಹಾಸ್ಟೆಲ್ಲು. ಪಾದ ಮುಚ್ಚುವ ಲಂಗ, ಬೆಳಿಗ್ಗೆ ಶ್ಲೋಕ, ಹಿರಿಯರು ಕಂಡರೆ ಕಾಲಿಗೆ ನಮಸ್ಕಾರ. ನಿಂಗಯ್ಯ ಕೇಳುತ್ತಲೇ ಎದ್ದು ನಿಂತ. ಹತ್ತು ವರ್ಷದ ಮಗುವನ್ನು ಹಾಸ್ಟೆಲ್ಲಿಗೆ ಹಾಕಲು ಪ್ರಮೀಳಾಗೆ ಮನಸ್ಸಿರಲಿಲ್ಲ. ಆದರೆ ಶಾಲೆಗಳು ಶುರುವಾಗಿಬಿಟ್ಟಿದ್ದವು. ಎಲ್ಲಾದರೂ ಸರಿ, ಶಾಲೆಯೆಂಬುದೊಂದು ಇರಲಿ ಎಂದು ಒಪ್ಪಿದಳು.

ಬಸ್ಸಿನಲ್ಲಿ ಅವಳಿಗೂ ಮಗಳಿಗೂ ಟಿಕೆಟ್ಟು ಫ್ರೀ. ಕಂಡಕ್ಟರ್ ನಿಂಗಯ್ಯನಿಗೊಂದು ಟಿಕೆಟ್ಟು, ಹುಂಜಕ್ಕೆ ಅರ್ಧ ಟಿಕೆಟ್ಟು ಹರಿದ.

ಶಾಲೆ ನಿಂಗಯ್ಯನ ಕಣ್ಣು ತಣಿಯುವಂತಿತ್ತು. ಗುಡಿಸಿ ನೀರು ಹಾಕಿದ ಅಂಗಳ, ಬಾಗಿಲಿಗೆ ರಂಗೋಲಿ, ಸಾಲಾಗಿ ಕೂತು ರಾಗವಾಗಿ ಶ್ಲೋಕ ಹೇಳುವ ಹುಡುಗಿಯರು. "ಇದು ಕಣವ್ವ ಸ್ಕೂಲು ಅಂದ್ರೆ," ಎಂದು ಪಿಸುಗುಟ್ಟಿದ. ಚಪ್ಪಲಿಗಳ ಪಕ್ಕದಲ್ಲಿ ಬ್ಯಾಗಿಟ್ಟು ಒಳಗೆ ಹೋದರು.

ಹೆಡ್‌ಮೇಡಂ ಸುನಂದಮ್ಮನವರದು ಮೆದು ದನಿ. ಸ್ಪಂದನಾಳಿಂದ ಮಗ್ಗಿ ಹೇಳಿಸಿದರು, ಪದ್ಯ ಹೇಳಿಸಿದರು, ಜಾಣೆ ಎಂದರು. ಪ್ರಮೀಳಾಗೆ ತಿಂಗಳುಗಳ ಮೇಲೆ ಉಸಿರು ಹಗುರಾಯಿತು.

"ತಿನ್ನೋಕೆ ನಿನಗೇನು ಇಷ್ಟ ಪುಟ್ಟಿ?"

"ಬೇಯ್ಸಿದ್ ಮೊಟ್ಟೆ!" ಎಂದಳು ಸ್ಪಂದನಾ, ಅಷ್ಟು ಹೊತ್ತಿಗೆ ಧೈರ್ಯ ಬಂದು.

ಸುನಂದಮ್ಮ ಪೆನ್ನು ಕೆಳಗಿಟ್ಟರು. ಅದೇ ಹೊತ್ತಿಗೆ ಹೊರಗೆ ಹುಂಜ ಗಂಟಲು ಹರಿಯುವಂತೆ ಕೂಗಿತು. ಶ್ಲೋಕ ನಿಂತುಹೋಯಿತು.

"ಅದೇನದು?"

"ನಿಮ್ಗೇಯ ಮೇಡಂ!" ನಿಂಗಯ್ಯನ ಮುಖ ಅರಳಿತು. ಪ್ರಮೀಳಾ ಪಂಚೆಯ ಚುಂಗು ಹಿಡಿದು ಎಳೆಯುವಷ್ಟರಲ್ಲಿ ಹೊರಗೆ ಹೋಗಿ ಬ್ಯಾಗು ತಂದು ಮೇಜಿನ ಮೇಲೇ ಇಟ್ಟ. "ಮನೇಲ್ ಸಾಕಿದ್ದು. ಪಾರಮ್ ಕೋಳಿ ಅಲ್ಲ. ಎಳೇದು, ಸಾರು ಶಾನೆ ಚೆನ್ನಾಗಾಯ್ತದೆ."

ಸುನಂದಮ್ಮ ಕುರ್ಚಿಯನ್ನು ಗೋಡೆಯವರೆಗೆ ಹಿಂದಕ್ಕೆ ತಳ್ಳಿಕೊಂಡರು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೇ ಚೆನ್ನಾಗಿತ್ತು.

"ನೋಡಿ ಯಜಮಾನ್ರೇ, ನಮ್ಮಲ್ಲಿ ಓದೋ ಮಕ್ಕಳ ಮನೆಯಲ್ಲೂ ಮೊಟ್ಟೆ, ಮಾಂಸ ಇದೆಲ್ಲ ಇರಬಾರದು. ರಜೆಗೆ ಹೋಗ್ತಾರೆ, ಅಭ್ಯಾಸ ಕೆಡುತ್ತೆ."

"ಮಗೀಗ್ ಬ್ಯಾಡ, ಸರಿ. ಮನೇಲೂ ಬ್ಯಾಡ್ವಾ? ಮಾರಿಹಬ್ಬಕ್ಕೆ ಅಮ್ಮಂಗೇನ್ ಕೊಡದು?"

"ನಿಂಬೆಹಣ್ಣು ಕೊಡಿ."

ನಿಂಗಯ್ಯನ ಅಪ್ಪ, ಅಜ್ಜ, ಅವರಪ್ಪ, ಯಾರೂ ಮಾರಮ್ಮನಿಗೆ ನಿಂಬೆಹಣ್ಣು ತೋರಿಸಿ ವಾಪಸ್ಸು ಬಂದವರಲ್ಲ.

"ಮಗು ಜಾಣೆ, ಇಲ್ಲ ಅನ್ನಲ್ಲ," ಎಂದರು ಸುನಂದಮ್ಮ, ಇನ್ನೂ ಮೆತ್ತಗೆ. "ಆದರೆ ಇಂಥ ಮನೆಯಿಂದ ಬಂದ ಮಕ್ಕಳು ನಮ್ಮಲ್ಲಿ ಹೊಂದಿಕೊಳ್ಳೋದು ಕಷ್ಟ."

"ಇಂತ ಮನೆ ಅಂದ್ರೆ?" ಎಂದ ನಿಂಗಯ್ಯ.

ಸುನಂದಮ್ಮ ಪೆನ್ನಿಗೆ ಮುಚ್ಚಳ ಹಾಕಿದರು. ಪ್ರಮೀಳಾಗೆ ನಗು ಬರಬೇಕಿತ್ತು. ಬೇಸಿಗೆಯಿಡೀ ಎಲ್ಲರಲ್ಲೂ ಹುಳುಕು ಹುಡುಕಿದ ಮುದುಕನಿಗೆ ಹೀಗಾಗಲೆಂದು ಅವಳು ಎಷ್ಟು ಸಲ ಅಂದುಕೊಂಡಿರಲಿಲ್ಲ! ಆದರೆ ಹುಂಜವನ್ನು ಎದೆಗವಚಿಕೊಂಡು ಬಾಗಿಲಾಚೆ ಚಪ್ಪಲಿಗಾಗಿ ತಡಕಾಡುತ್ತಿದ್ದ ಮಾವನನ್ನು ನೋಡಿ ನಗು ಬರಲಿಲ್ಲ; ಬಗ್ಗಿ ಚಪ್ಪಲಿಯನ್ನು ಅವನ ಕಾಲ ಬಳಿಗೆ ಸರಿಸಿದಳು. ಸ್ಪಂದನಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದಳು, ತಪ್ಪು ತನ್ನ ಬಾಯಿಂದಲೇ ಆಯಿತೆಂಬಂತೆ.

ಬರುವಾಗ ಪಿರಿಯಾಪಟ್ಟಣದಲ್ಲಿ ಬಸ್ಸು ಬದಲಿಸಿದರು. ಹಾರನಹಳ್ಳಿಯ ಮೇಲೆ ಊರಿಗೆ ಹೋಗುವ ಬಸ್ಸು ಹತ್ತಿ ಕೂತ ಮೇಲೆ ನಿಂಗಯ್ಯ ಕಿಟಕಿಯ ಕಡೆ ನೋಡುತ್ತಾ ಅಂದ: "ಈ ವರ್ಸ ಮನೇಲಿರ್ಲಿ ಬುಡು. ಒಗೆಸೊಪ್ಪು ಕಟ್ಟಕಾದ್ರೂ ಆಯ್ತದೆ."

"ಇನ್ನೊಂದ್ ಸಾರಿ ಆ ಮಾತ್ ಆಡಬ್ಯಾಡಿ ಮಾವ!"

ಇಡೀ ಬಸ್ಸು ತಿರುಗಿ ನೋಡಿತು. ನೋಡಲಿ. "ನಮ್ಮಪ್ಪನೂ ಇಂಗೇ ಅಂದಿದ್ದು. ನಾನ್ ಆವತ್ತು ಉಸ್ರೆತ್ನಿಲ್ಲ, ಅದ್ಕೇ ಇವತ್ತೂ ಸೊಪ್ಪು ಕಟ್ತಾ ಅವ್ನಿ. ಹಾರನಹಳ್ಳೀಲಿ ಇಳೀತೀನಿ, ಚೆಲುವಯ್ಯ ಮೇಷ್ಟ್ರತ್ರ ಇವಳ್ನ ಸೇರುಸ್ತೀನಿ. ನೀವು ಮನೆಗೋಗಿ ನಿಮ್ಮಗಂಗೆ ಏನಾರಾ ಏಳ್ಕಳಿ."

ಇಳಿದಳು. ಹಿಂದಿರುಗಿ ನೋಡದೆ ನಡೆದಳು. ಶಾಲೆಯ ಗೇಟಿನ ಹತ್ತಿರ ಹಿಂದೆ ಹುಂಜ ಕೊಕ್ಕೊಕ್ಕೋ ಅಂದಾಗಲೇ ಮಾವನೂ ಇಳಿದಿದ್ದಾನೆಂದು ತಿಳಿದದ್ದು.

ಊಟದ ಗಂಟೆಯಾಗಿತ್ತು. ಚೆಲುವಯ್ಯ ಕೈಯಲ್ಲಿ ಸೌಟು ಹಿಡಿದು ಜಗಲಿಯ ಮೇಲೆ ಸಾರು ಬಡಿಸುತ್ತಿದ್ದರು. ಮನೆ ಎಂಥದ್ದೆಂದು ಕೇಳಲಿಲ್ಲ. "ಟಿ.ಸಿ. ನಾಳೆ ತನ್ನಿ ಪರವಾಗಿಲ್ಲ. ಮಗು ಹಸಿದಂಗದೆ, ಮೊದ್ಲು ಕೂತ್ಕೊಳ್ಲಿ," ಎಂದರು.

ಸ್ಪಂದನಾ ಸಾಲಿನ ಕೊನೆಯಲ್ಲಿ ಒಬ್ಬ ಹುಡುಗನ ಪಕ್ಕ ಕೂತಳು. ನಿಂಗಯ್ಯ ಹೊಂಗೆ ಮರದ ಕೆಳಗಿಂದ ಅದನ್ನು ನೋಡಿದ. ಅಡುಗೆಯ ತಿಮ್ಮಮ್ಮ ಎರಡು ಬುಟ್ಟಿ ಹಿಡಿದು ಬಂದಳು.

"ಮೊಟ್ಟೇನಾ ಮಗ, ಬಾಳೆಹಣ್ಣಾ?"

ಸ್ಪಂದನಾ ಅಮ್ಮನ ಕಡೆ ನೋಡಿದಳು, ತಾತನ ಕಡೆ ನೋಡಿದಳು, ಮೊಟ್ಟೆಯ ಬುಟ್ಟಿಯ ಕಡೆ ಮಾತ್ರ ನೋಡಲಿಲ್ಲ. "ಬಾಳೆಹಣ್ಣು," ಎಂದಳು.

ಅಷ್ಟರಲ್ಲಿ ನಿಂಗಯ್ಯ ಬ್ಯಾಗನ್ನು ಮರದ ಬುಡದಲ್ಲಿಟ್ಟು ಬಂದ. ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟ. ಜಗಲಿ ಹತ್ತಿ, ಪಂಚೆ ಸರಿಮಾಡಿಕೊಂಡು, ಮಕ್ಕಳ ಸಾಲಿನಲ್ಲಿ ಮೊಮ್ಮಗಳಿಗೂ ಆ ಹುಡುಗನಿಗೂ ನಡುವೆ ಮಂಡಿ ಮಡಚಿ ಕೂತ.

"ಮಿಕ್ಕಿದ್ರೆ ನಂಗೊಂದ್ ಮೊಟ್ಟೆ ಆಕವ್ವ ತಿಮ್ಮಮ್ಮ."

ಮಕ್ಕಳೆಲ್ಲ ಕಿಸಿಕಿಸಿ ನಕ್ಕರು. ತಿಮ್ಮಮ್ಮ ಚೆಲುವಯ್ಯನವರ ಮುಖ ನೋಡಿ, ಬುಟ್ಟಿಯ ತಳದಿಂದ ಒಂದು ತೆಗೆದು ಅವನ ಅಂಗೈಗೆ ಹಾಕಿದಳು. ನಿಂಗಯ್ಯ ಅದನ್ನು ಎಲ್ಲರೂ ನೋಡುವಂತೆ ನೆಲಕ್ಕೆ ಟಕ್ಕೆಂದು ಕುಟ್ಟಿ, ಸಿಪ್ಪೆ ಬಿಡಿಸಿ, ಅರ್ಧ ಮಾಡಿ, ಹಳದಿ ಹೆಚ್ಚಿದ್ದ ಹೋಳನ್ನು ಮೊಮ್ಮಗಳ ತಟ್ಟೆಗಿಟ್ಟ.