ದೇವರ ಕೋಣೆಗೆ ಎರಡು ಬಾಗಿಲು

"ಎಷ್ಟು ಸಲ ಹೇಳ್ಬೇಕು ಸಿದ್ದಮ್ಮ? ಮುಸುರೆ ಹೊತ್ಕೊಂಡು ದೇವ್ರ ರೂಮಿಗೆ ನುಗ್ತೀಯಲ್ಲ, ತಲೇಲಿ ಏನಿದೆ ನಿಂಗೆ? ಆಚೆಯಿಂದ ಸುತ್ಕೊಂಡ್ ಬಾ."

ಬೈದದ್ದು ಶಾಮಲಾ ಅಮ್ಮಾವ್ರು. ಮನೆಗೆಲಸಕ್ಕೆ ಅಂತ ನನ್ನನ್ನು ಚಾಮರಾಜನಗರದಿಂದ ಅಮೆರಿಕದ ಈ ಡುವಾಲ್‌ಗೆ ತಂದು ಹಾಕಿದವರು. ಯಾವನೋ ಮರದ ವ್ಯಾಪಾರಿ ಇಂಗ್ಲೆಂಡಿನ ದೊರೆಗಳ ಬಂಗಲೆ ನೋಡಿ ಬಂದು ಹಾಗೇ ಕಟ್ಟಿಸಿದ ಮನೆಯಂತೆ ಇದು. ಇಪ್ಪತ್ತೆರಡು ಕೋಣೆ. ಬಿಲಿಯರ್ಡ್ಸ್ ಆಡಲಿಕ್ಕೊಂದು, ಚುಟ್ಟಾ ಸೇದಲಿಕ್ಕೊಂದು, ಉಂಡ ಹೆಂಗಸರು ಹೋಗಿ ಕೂರಲಿಕ್ಕೊಂದು. ನಾನೂ ಸೇರಿ ಇರುವವರು ಮೂರೇ ಜನ, ಗುಡಿಸುವವಳು ನಾನೊಬ್ಬಳು. ಆಳುಗಳು ಯಜಮಾನರ ಕಣ್ಣಿಗೆ ಬೀಳದೆ ಹತ್ತಿಳಿಯಲಿ ಅಂತ ಹಿಂದೆ ಕತ್ತಲ ಮೆಟ್ಟಿಲು ಬೇರೆ. ಬಂದವರಿಗೆಲ್ಲ ಅಮ್ಮಾವ್ರ ಗಂಡ ಲಕ್ಷ್ಮೀಕಾಂತ ಸಾರ್ ಅದನ್ನೇ ಮೊದಲು ತೋರಿಸಿ ನಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಅಡುಗೆಮನೆಗೂ ಊಟದ ಹಾಲಿಗೂ ನಡುವೆ ಒಂದು ಸಣ್ಣ ಕೋಣೆ, ಎರಡು ಕಡೆಗೂ ಬಾಗಿಲು. ಹಿಂದೆ ಅಲ್ಲಿ ಬೆಳ್ಳಿ ಸಾಮಾನು ಇಡುತ್ತಿದ್ದರಂತೆ. ವಾಸ್ತುವಿನವರು ಈಶಾನ್ಯ ಇಲ್ಲೇ ಅಂದರು, ದೇವರನ್ನು ತಂದು ಅಲ್ಲೇ ಕೂರಿಸಿದರು. ಅವತ್ತಿಂದ ನಾನು ಎಂಜಲು ತಟ್ಟೆ ಹಿಡಿದು ಹಾಲಿನ ಪಕ್ಕದ ಬಾಗಿಲಿಂದ ಆಚೆ ಹೋಗಿ, ಮಳೆಯೋ ಮಂಜೋ, ಮನೆಗೆ ಅರ್ಧ ಸುತ್ತು ಹಾಕಿ ಅಡುಗೆಮನೆ ಸೇರಬೇಕು.

ಇವತ್ತು ಸತ್ಯನಾರಾಯಣ ಪೂಜೆ, ಮೂವತ್ತು ಜನ. ಸುತ್ತಿ ಸುತ್ತಿ ಸಾಕಾಗಿ ದೇವರ ಕೋಣೆಯ ಹೊಸ್ತಿಲಿಗೆ ಕಾಲಿಟ್ಟಿದ್ದೆ, ಅದಕ್ಕೇ ಈ ಬೈಗುಳ. ಮತ್ತೆ ಆಚೆ ಹೋದೆ. ಹೆಪ್ಪುಗಟ್ಟಿದ ಕಲ್ಲಿನ ಮೇಲೆ ಕಾಲು ಜಾರಿತು. ಹಿಮ್ಮಡಿಯ ಹತ್ತಿರ ಲಟಕ್ಕಂತ ಮುರಿದದ್ದು ನನಗೇ ಕೇಳಿಸಿತು.

ತೆವಳಿಕೊಂಡು ಅಡುಗೆಮನೆಗೆ ಬಂದು, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅಂತ ಅಮ್ಮಾವ್ರನ್ನು ಬೇಡಿಕೊಂಡೆ. ಇನ್ಶೂರೆನ್ಸ್ ಇಲ್ಲ, ಅರಿಶಿನ ಹಚ್ಚಿಕೋ, ನಾಳೆ ನೋಡೋಣ ಅಂದರು. ಅಷ್ಟರಲ್ಲಿ ಅವರ ಗೆಳತಿ ಮೈತ್ರಿ ತಾನುಂಡ ತಟ್ಟೆ ಹಿಡಿದು ದೇವರ ಕೋಣೆಯೊಳಗಿಂದಲೇ ಸರಸರ ಬಂದಳು. ಅಯ್ಯೋ, ನೀವ್ಯಾಕೆ ತಂದ್ರಿ ಅಂತ ಅಮ್ಮಾವ್ರು ನಗುತ್ತಾ ಇಸಿದುಕೊಂಡರು.

ಎಂಜಲು ದೇವರ ಮುಂದೆ ಹಾಯಬಹುದಂತೆ, ಹೊಲಗೇರಿಯ ಸಿದ್ದಮ್ಮ ಹಾಯಬಾರದಂತೆ. ಇಷ್ಟು ದಿನ ಮುಸುರೆಗೆ ಮಡಿ ಅಂತ ನಂಬಿದ್ದೆನಲ್ಲ, ನನ್ನ ಬುದ್ಧಿಗೆ ಬೆಂಕಿ ಹಾಕ.

ಗೋಡೆ ಹಿಡಿದು ಕುಂಟುತ್ತಾ ಹೋಗಿ ದೇವರ ಕೋಣೆಯ ನಟ್ಟನಡುವೆ ಕೂತೆ. ಊದಿದ ಕಾಲು ಚಾಚಿದೆ.

"ಏಯ್, ಏಳೇ ಮೇಲೆ," ಅಂದರು ಅಮ್ಮಾವ್ರು.

"ಏಳಕಾಗಾಕಿಲ್ಲ ಕಣ್ರವ್ವ, ಕಾಲು ಮುರ್ದದೆ. ಆಸ್ಪತ್ರೆಗೆ ಒಯ್ಯೋದಾದ್ರೆ ಎತ್ಕಳಿ. ಇಲ್ದಿದ್ರೆ ನಿಮ್ ದೇವ್ರ ಜತೇಲೇ ಇಲ್ಲೇ ಬಿದ್ದಿರ್ತೀನಿ."

ಎಬ್ಬಿಸು ಅವಳನ್ನ ಅಂತ ಸಾರ್ ಹೆಂಡತಿಗೆ ಹೇಳಿದರು. ನಾನು ಮಡೀಲಿದೀನಿ, ನೀವೇ ಎಬ್ಬಿಸಿ ಅಂತ ಅವರು. ಸಾರ್ ಪಂಚೆ ಎತ್ತಿ ಹಿಡಿದು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಎರಡು ಬಾಗಿಲಲ್ಲೂ ಜನ ತುಂಬಿಕೊಂಡರು. ನಾನು ಎತ್ತಿಕೊಳ್ಳಿ ಅಂತ ಎರಡೂ ಕೈ ಚಾಚಿಕೊಂಡೇ ಕೂತಿದ್ದೆ.