ದಿನದ ಊಟದ ತೂಕ

ಅಲಖನೂರಿನಲ್ಲಿ ಕಸ್ತೂರೆವ್ವನ ಮನೆಯಿಂದ ಹಸಿದು ಎದ್ದು ಹೋದವರು ಯಾರೂ ಇಲ್ಲ. ಕಬ್ಬು ಕಡಿಯಲು ಬಂದವರಿರಲಿ, ದಾರಿ ತಪ್ಪಿ ನೀರು ಕೇಳಿದವರಿರಲಿ, ಆಕೆಯ ಹೊಸ್ತಿಲು ದಾಟಿದರೆಂದರೆ ಒಂದು ರೊಟ್ಟಿ ಮುರಿಯದೆ ಹೊರಬೀಳುವಂತಿರಲಿಲ್ಲ. ಅಂಥ ಮನೆಯ ಸೊಸೆ ಸರಿತಾ ಐದು ತಿಂಗಳ ಬಸುರಿಯಾಗಿದ್ದಾಗ ಡಾಕ್ಟರಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರಕ್ತದ ಚೀಟಿ ಓದಿ, "ಮೈಯಾಗ ರಕ್ತ ಭಾಳ ಕಮ್ಮಿ ಐತಿ. ಹಿಂಗ ಇದ್ರ ಹೆರಿಗಿ ಹೊತ್ತಿಗೆ ತ್ರಾಸ ಆಗತೈತಿ. ಮನ್ಯಾಗ ಊಟ ಸರಿಯಾಗಿ ಕೊಡ್ತೀರೋ ಇಲ್ಲೋ?" ಎಂದಿದ್ದಳು. ಆ ಮಾತು ಕಸ್ತೂರೆವ್ವನ ಅಂಗಾಲಿನಲ್ಲಿ ಮುಳ್ಳು ಮುರಿದ ಹಾಗೆ ಕೂತುಬಿಟ್ಟಿತು. ಹೆಜ್ಜೆ ಇಟ್ಟಲ್ಲೆಲ್ಲ ಚುಚ್ಚುತ್ತಿತ್ತು.

ಗುಳಿಗೆ ತಂದರು. ಕಸ್ತೂರೆವ್ವ ತಾನೇ ಎದುರಿಗೆ ನಿಂತು ನುಂಗಿಸಿದಳು. ತಿಂಗಳ ಮೇಲೆ ಮತ್ತೆ ತೋರಿಸಿದರೆ ರಕ್ತ ಇದ್ದಲ್ಲೇ ಇತ್ತು. ಸರಿತಾ ಒಂದು ಕೊಡ ನೀರು ಒಳಗೆ ತರುವಷ್ಟರಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು. ಅತ್ತೆಗೆ ಎರಡು ಹೆದರಿಕೆ. ಒಂದು, ಈ ಹುಡುಗಿಯ ಜೀವದ್ದು. ಇನ್ನೊಂದು, ಪಾಲಬಾವಿಯ ಬೀಗರದ್ದು. ಅವರ ಮನೆಯಲ್ಲಿ ದುಂಡಗೆ ಬೆಳೆದ ಮಗಳು ಇಲ್ಲಿ ಬಂದು ಬಿಳುಚಿಕೊಂಡರೆ ಜನ ಯಾರನ್ನು ಅಂದಾರು? ಎರಡರಲ್ಲಿ ಯಾವ ಹೆದರಿಕೆ ದೊಡ್ಡದೆಂದು ಆಕೆ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

ಸ್ನೇಹಲ ಎಂಬ ಹುಡುಗಿ ಊರಿಗೆ ಬಂದದ್ದು ಆಗಲೇ. ಕಾಗವಾಡದ ಕಡೆಯವಳು. ಬೆಳಗಾವಿಯ ಕಾಲೇಜೊಂದರಲ್ಲಿ ಆಹಾರದ ವಿಷಯ ಓದಿ, ಈಗ ಅದರಲ್ಲೇ ಸಂಶೋಧನೆ ಮಾಡುತ್ತಿದ್ದಳು. ಬಸ್ಸಿಳಿದು, ಬಸುರಿಯರಿರುವ ಮನೆ ಕೇಳಿಕೊಂಡು ಕೆಂಪು ಧೂಳಿನಲ್ಲಿ ನಡೆದು ಬಂದವಳು ಕಸ್ತೂರೆವ್ವನ ಪಡಸಾಲೆಯಲ್ಲಿ ಕೂತು ಚೀಲದಿಂದ ಪಾಟಿಯಂಥ ಚಪ್ಪಟೆ ಯಂತ್ರವೊಂದನ್ನು ತೆಗೆದಿಟ್ಟಳು.

"ಇದೇನವಾ?" ಎಂದ ಕಸ್ತೂರೆವ್ವನ ಗಂಡ ಲಗಮಣ್ಣ, ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸುತ್ತ.

"ಕಾಟಾ ರೀ ಕಾಕಾ. ಊಟ ತೂಗೂದು."

ಲಗಮಣ್ಣ ಗಹಗಹಿಸಿ ನಕ್ಕ. "ಜಲ್ಮಾ ಎಲ್ಲಾ ಸಕ್ಕರಿ ಫ್ಯಾಕ್ಟರಿ ಕಾಟಾದ ಮುಂದ ನಿಂತು ಜಗಳಾಡೀನಿ. ಈಗ ಮನಿಯೊಳಗೂ ಕಾಟಾ ಬಂತು ನೋಡು! ಖರೆ ತೂಗತೈತೇನ ಇದು?"

"ನಿಮ್ಮ ಕಬ್ಬಿನ ಟ್ರಾಲಿ ಹೆಂಗ ತೂಗತಾರಲ್ರಿ, ಹಂಗ. ಮೊದಲ ತುಂಬಿದ್ದು, ಆಮ್ಯಾಲ ಖಾಲಿದು. ತಾಟಿಗೆ ಬಡಿಸಿದ ಮ್ಯಾಲ ಒಮ್ಮೆ ತೂಗತೀನಿ, ಉಂಡ ಎದ್ದ ಮ್ಯಾಲ ಒಮ್ಮೆ. ನಡುವಿಂದು ಹೊಟ್ಟಿಗೆ ಹೋತು ಅಂತ ಲೆಕ್ಕ."

"ಭಲೇ!" ಎಂದ ಲಗಮಣ್ಣ. ಅವನಿಗೆ ಇನ್ನೇನೂ ಬಿಡಿಸಿ ಹೇಳಬೇಕಾಗಲಿಲ್ಲ.

ಹುಡುಗಿ ಕಸ್ತೂರೆವ್ವನ ಕಡೆ ತಿರುಗಿದಳು. "ಕಾಕು, ನಾ ಹುಡುಕಾಕತ್ತಿದ್ದು ಇಷ್ಟ ರೀ. ಕಬ್ಬಿನ ಸೀಮಿ, ನೀರ ಐತಿ, ಹೈನ ಐತಿ, ಕಣಜದಾಗ ಜ್ವಾಳ ಐತಿ. ಆದ್ರೂ ಬಸರ ಹೆಣ್ಮಕ್ಕಳ ಮೈಯಾಗ ರಕ್ತ ಇಲ್ಲ. ಒಲಿ ಮ್ಯಾಲ ಇದ್ದದ್ದು ಮೈಗೆ ಹತ್ತೂದ್ರಾಗ ಎಲ್ಲಿ ಹೋಗತೈತಿ? ಸರಿತಾ ಅಕ್ಕ ಒಂದ ದಿನಾ ಉಣ್ಣೂದನ್ನ ತೂಗಾಕ ಬಿಡ್ತೀರೇನು? ಒಲ್ಲೆ ಅಂದ್ರ ಬ್ಯಾಸರ ಇಲ್ಲ."

ಒಲ್ಲೆ ಅನ್ನುವುದೇ? ಡಾಕ್ಟರಮ್ಮನ ಮಾತಿಗೆ ಮುಯ್ಯಿ ತೀರಿಸುವ ಅವಕಾಶ ತಾನಾಗಿ ಅಂಗಳಕ್ಕೆ ಬಂದಿತ್ತು. "ನಾಳಿಗೇ ಬಾ ತಂಗಿ," ಎಂದಳು ಕಸ್ತೂರೆವ್ವ.

ಮರುದಿನ ಆ ಮನೆಯಲ್ಲಿ ಯುಗಾದಿಯೇ ಬಂದಂತಿತ್ತು. ಹೋಳಿಗೆ, ಅದರ ಮೇಲೆ ತುಪ್ಪ, ಕಟ್ಟಿನ ಆಮಟಿ, ಎಣ್ಣೆಗಾಯಿ, ಮಡಿಕೆಕಾಳಿನ ಉಸುಳಿ, ಕೆನೆ ಮೊಸರು. ಸರಿತಾಳಿಗೆ ಕಪಾಟಿನಿಂದ ಹೊಸ ತಾಟು ತೆಗೆದು, ಅಂಚು ಕಾಣದಂತೆ ಬಡಿಸಿ, ಕಸ್ತೂರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. "ಹ್ಞೂಂ, ತೂಗು."

ಸ್ನೇಹಲ ಯಂತ್ರ ತೆಗೆಯಲೇ ಇಲ್ಲ. ಕಾಲು ಮಡಚಿ ಸರಿತಾಳ ಪಕ್ಕ ಕೂತು ತಾನೂ ಉಂಡಳು. ಎರಡನೆಯ ಹೋಳಿಗೆ ಕೇಳಿ ಹಾಕಿಸಿಕೊಂಡಳು. ಕೈ ತೊಳೆದು ಬಂದು ನಗುತ್ತ ಹೇಳಿದಳು: "ಇವತ್ತಿಂದು ಬರಿಯಾಕ ಬರಂಗಿಲ್ರಿ ಕಾಕು."

"ಯಾಕ? ನಮ್ಮ ಮನಿ ಅಡಗಿ ನಿನ್ನ ಕಾಟಾಕ್ಕ ಭಾರ ಆತೇನು?"

"ಇದು ನನ್ನ ಸಲುವಾಗಿ ಮಾಡಿದ್ದು. ಇದನ್ನ ತೂಗಿ ಬರದ್ರ ನನ್ನ ಕೆಲಸ ಚಂದ ಕಾಣತೈತಿ. ಅಕ್ಕನ ರಕ್ತ ಏರಂಗಿಲ್ಲ. ನನಗ ದಿನದ ಊಟ ಬೇಕ್ರಿ."

ಕಸ್ತೂರೆವ್ವನಿಗೆ ಮೊದಲು ಸಿಟ್ಟೇ ಬಂತು. ಆದರೆ ಬಿಸಿಲಲ್ಲಿ ಬಸ್ಸು ಹಿಡಿದು ಬಂದ ಕೆಲಸವನ್ನು ತಾನೇ ಮಗುಚಿ ಹಾಕಿ ಎದ್ದ ಹುಡುಗಿಯನ್ನು ನೋಡಿ ಒಳಗೊಳಗೇ ಏನೋ ಮೆತ್ತಗಾಯಿತು. ಬರೆದುಕೊಂಡು ಹೋಗಿದ್ದರೆ ಯಾರು ಕೇಳುತ್ತಿದ್ದರು? ಯಾರೂ ಕೇಳದ ಕಡೆ ಖರೆ ಇರುವವರು ಎಷ್ಟು ಮಂದಿ?

"ನಿಂದೊಂದ ದಿನಾ ಹಾಳಾತಲ್ಲವಾ," ಎಂದಳು.

"ಹೋಳಿಗಿ ಉಂಡ ದಿನಾ ಹಾಳ ಹೆಂಗ ಆಗತೈತ್ರಿ?" ಎಂದು ಸ್ನೇಹಲ ಚೀಲ ಹೆಗಲಿಗೇರಿಸಿದಳು. "ಇನ್ನೊಂದ ದಿನಾ ಬರ್ತೀನಿ. ಯಾವತ್ತ ಅಂತ ಹೇಳಂಗಿಲ್ಲ. ನಡೀತೈತಲ್ರಿ?"

"ಬಾ, ಬಾ. ನಮ್ಮಲ್ಲೇನ ಮುಚ್ಚಿಡೂದೈತಿ?"

ಸ್ನೇಹಲ ಮತ್ತೆ ಬಂದ ದಿನ ಹೊಲದಲ್ಲಿ ಕಬ್ಬು ಕಡಿಯುವ ಟೋಳಿ ಇಳಿದಿತ್ತು. ಅತ್ತೆ ಸೊಸೆ ಇಬ್ಬರೂ ಒಲೆಯ ಮುಂದೆ ಬೆವೆತು ರೊಟ್ಟಿ ಬಡಿಯುತ್ತಿದ್ದರು. ಸ್ನೇಹಲ ಅಡುಗೆಮನೆಯ ಮೂಲೆಯಲ್ಲಿ ಸುಮ್ಮನೆ ಕೂತಳು. ಸ್ವಲ್ಪ ಹೊತ್ತಿಗೆ ಅವಳು ಅಲ್ಲಿರುವುದೇ ಮರೆತುಹೋಯಿತು. ಹೊಲಕ್ಕೆ ಬುತ್ತಿ ಕಟ್ಟಿದ್ದಾಯಿತು. ಪುಂಡಿಪಲ್ಯ, ಉಸುಳಿ ಮುಕ್ಕಾಲುಪಾಲು ಅದರಲ್ಲೇ ಹೋಯಿತು. ದುಡಿಯುವವರಿಗೆ ಕಮ್ಮಿ ಮಾಡಲಾದೀತೆ? ಲಗಮಣ್ಣ ಉಂಡ. ಆಮೇಲೆ ಮಗ ಶಿವರಾಜ ಬಂದು ಕೂತ. ಸ್ನೇಹಲ ಮೂಲೆಯಿಂದ ಎದ್ದು, ಅವನನ್ನು ಕೇಳಿ, ಬಡಿಸಿದ ತಾಟನ್ನು ತೂಗಿಕೊಟ್ಟಳು.

"ನನ್ಯಾಕ ತೂಗತೀರಿ? ನಾ ಏನ ಬಸರ ಅದೀನೇನು?" ಎಂದ ಶಿವರಾಜ. ಸರಿತಾ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಮನ್ಯಾಗ ಎಲ್ಲಾರದೂ ತೂಗಿದ್ರ ಅಂದಾಜ ಸಿಗತೈತ್ರಿ ಅಣ್ಣಾರ."

ಅವನು ಉಂಡು ಏಳುವಾಗ ತಾಟಿನ ಒಂದು ಬದಿಗೆ ಅರ್ಧ ರೊಟ್ಟಿಯನ್ನೂ ನಾಲ್ಕು ಕಾಳನ್ನೂ ಉಳಿಸಿದ. ಮದುವೆಯಾದಂದಿನಿಂದ ಹಾಗೆ ಉಳಿಸುತ್ತಿದ್ದ. ಅದು ಅವನ ಪ್ರೀತಿ; ಬಾಯಿಬಿಟ್ಟು ಹೇಳದ ಪ್ರೀತಿ. ಸ್ನೇಹಲ ತಾಟು ಮತ್ತೆ ತೂಗಿ ಕೆಳಗಿಟ್ಟಳು. ಸರಿತಾ ಅದನ್ನು ಎಳೆದುಕೊಂಡು, ಬುಟ್ಟಿಯಿಂದ ಒಂದು ರೊಟ್ಟಿ, ತುಸು ಕೆಂಪು ಖಾರ ಹಾಕಿಕೊಂಡು ಉಣ್ಣಲು ಕೂತಳು.

"ಅಕ್ಕಾ, ನಿಮ್ಮ ತಾಟ?"

"ಇದ ರೀ."

ಕಸ್ತೂರೆವ್ವ ಹೆಮ್ಮೆಯಿಂದಲೇ ಹೇಳಿದಳು: "ಗಂಡ ಉಂಡ ತಾಟಿನಾಗ ಹೆಂಡ್ತಿ ಉಂಡ್ರ ಸಂಸಾರ ಗಟ್ಟಿ ಇರತೈತಿ ತಂಗಿ. ನಾ ಲಗ್ನಾಗಿ ಬಂದಾಗಿಂದ ಹಂಗ ಉಂಡೀನಿ. ಈಗಿನ ಹುಡುಗ್ಯಾರ ಎಲ್ಲಿ ಕೇಳ್ತಾರ? ನಮ್ಮ ಸರಿತಾ ಚಲೋಕಿ, ಅಂತ ಕೇಳತಾಳ."

ಸ್ನೇಹಲ ಒಂದು ಸಲ ಕಪಾಟಿನ ಕಡೆ ನೋಡಿದಳು. ಹೋಳಿಗೆ ಮಾಡಿದ ದಿನದ ಹೊಸ ತಾಟು ನೆನಪಾಗಿರಬೇಕು. ಪಡಸಾಲೆಯಲ್ಲಿ ಗೋಡೆಗೊರಗಿದ್ದ ಲಗಮಣ್ಣನೇ ಅಲ್ಲಿಂದ ಕೂಗಿದ: "ಏ ಸ್ನೇಹಲಬಾಯಿ, ನಿನ್ನ ಲೆಕ್ಕ ಕೆಡ್ತು! ಒಂದ ಟ್ರಾಲಿ, ಎರಡ ಹೊಲದ ಕಬ್ಬು. ಯಾರದೆಷ್ಟು ಅಂತ ಯಾವ ಕಾಟಾ ಹೇಳೀತು?"

"ಅದಕ್ಕ ರೀ ಕಾಕಾ, ನಡುವ ಒಮ್ಮೆ ತೂಗಿನಿ," ಎಂದಳು ಸ್ನೇಹಲ ಮೆಲ್ಲಗೆ. "ಇಷ್ಟ ದಿನಾ ಯಾರೂ ನಡುವ ತೂಗಿಲ್ಲ."

ಸರಿತಾ ಉಂಡು ಮುಗಿಸಿದಳು. ಎರಡನೆಯ ರೊಟ್ಟಿಗೆ ಕೈ ಹಾಕಲಿಲ್ಲ. ಕೊನೆಗೆ ಕಸ್ತೂರೆವ್ವನೇ, "ಎಷ್ಟ ಬಂತವಾ? ಅಂಕಿ ನನಗ ತಿಳ್ಯಂಗಿಲ್ಲ, ಬಾಯಿಲೆ ಹೇಳು," ಎಂದಳು. ಸ್ನೇಹಲ ಖಾಲಿ ತಾಟೊಂದು ಕೇಳಿ ಇಸಿದುಕೊಂಡು, ಬುಟ್ಟಿಯಿಂದ ರೊಟ್ಟಿ ತೆಗೆದು, ತೂಗಿ ಮುರಿದು, ಸರಿತಾಳ ಹೊಟ್ಟೆಗೆ ಹೋದಷ್ಟನ್ನೇ ಅದರಲ್ಲಿಟ್ಟಳು. ಒಂದೂವರೆ ರೊಟ್ಟಿ. ಪಾತ್ರೆಯ ತಳ ಕೆರೆದು ನಾಲ್ಕು ಕಾಳು. ಪಲ್ಯವಿರಲಿಲ್ಲ. ತುಸು ಕೆಂಪು ಖಾರ.

"ಇದು ಎರಡ ಜೀವದ ಮಧ್ಯಾಹ್ನದ ಊಟ ರೀ ಕಾಕು. ರಕ್ತ ಆಗೂದು ಹೆಚ್ಚಾಗಿ ಸೊಪ್ಪು ಕಾಳಿನಾಗ ಐತಿ. ಅದು ಅಕ್ಕನ ತನಕಾ ಬರಲಿಲ್ಲ. ಗುಳಗಿ ಬಿಡಬ್ಯಾಡ್ರಿ, ಅದು ಬೇಕ. ಆದ್ರ ಗುಳಗಿ ಒಂದ ಎಷ್ಟಂತ ಎಳದೀತು?"

ಕಸ್ತೂರೆವ್ವ ಆ ತಾಟನ್ನೇ ನೋಡಿದಳು. ಅಂಗಳದಲ್ಲಿ ನಾಯಿಗೆ ಇಡುವಾಗಲೂ ಆಕೆ ಅದಕ್ಕಿಂತ ಹೆಚ್ಚು ಇಡುತ್ತಿದ್ದಳು. ಪಕ್ಕದಲ್ಲೇ ರೊಟ್ಟಿಯ ಬುಟ್ಟಿ ತುಂಬಿ ನಿಂತಿತ್ತು.

"ಏನಲೇ ಸರಿತಾ," ದನಿ ಗಡಸಾಯಿತು. "ಬುಟ್ಟಿ ತುಂಬ ರೊಟ್ಟಿ ಐತಿ. ನಿನ್ನ ಕೈ ಯಾರ ಹಿಡದಿದ್ರು? ಕೇಳಿದ್ರ ಪಲ್ಯ ತಗದ ಇಡ್ತಿದ್ದಿಲ್ಲೇನು?"

ಸರಿತಾ ತಲೆ ಎತ್ತಲಿಲ್ಲ. "ಪಲ್ಯ ಇಲ್ದ ರೊಟ್ಟಿ ಇಳಿಯಂಗಿಲ್ರಿ ಅತ್ತಿ. ಖಾಲಿ ಭಾಂಡೆ ನೋಡಿ ಹೆಂಗ ಕೇಳ್ಲಿ? ನೀವರೆ ಎಲ್ಲಿ ಉಂಡೀರಿ ಇನ್ನೂ?"

ಖರೆ. ಆಕೆಯೂ ಇನ್ನೂ ಉಂಡಿರಲಿಲ್ಲ. ಉಂಡರೂ ಅದೇ ಖಾರ, ಅದೇ ರೊಟ್ಟಿ. ಅದನ್ನು ಊಟವೆಂದೇ ತಿಳಿದು ಬಾಳಿದ್ದಳು.

ಸಿಟ್ಟು ಎಲ್ಲಿ ಇಳಿಯಬೇಕೋ ತಿಳಿಯದೆ ಸ್ನೇಹಲಳ ಮೇಲೆ ಇಳಿಯಿತು. "ಅಂದ್ರ ನಾ ಸೊಸಿನ್ನ ಉಪಾಸ ಕೆಡವೀನಿ ಅಂತ ಊರ ತುಂಬ ಬರಕೊಂಡ ಅಡ್ಡಾಡ್ತೀ?"

"ನೀವು ಕೆಡವಿಲ್ರಿ. ಯಾರೂ ಕೆಡವಿಲ್ಲ. ಅದಕ್ಕ ಇದು ಯಾರಿಗೂ ಕಾಣಸಂಗಿಲ್ಲ," ಎಂದಳು ಸ್ನೇಹಲ. "ಯಾರ ಮನಿ ಅಂತ ನಾ ಎಲ್ಲೂ ಹೇಳಂಗಿಲ್ಲ. ನಿಮಗ ಮನಸ್ಸಿಲ್ದಿದ್ರ ಇವತ್ತಿಂದೂ ತಗದ ಹಾಕ್ತೀನಿ. ನಿಮ್ಮ ಊಟ, ನಿಮ್ಮ ಮಾತ."

ಎದ್ದು ಹೋಗುವ ಮೊದಲು ತಾಟಿನಲ್ಲಿದ್ದದ್ದನ್ನು ಚೆಲ್ಲದೆ ಹೊರಗೆ ಕೂತು ತಾನೇ ಉಂಡಳು. ಬೈಸಿಕೊಂಡ ಮನೆಯ ಅನ್ನವನ್ನೂ ಕಣ್ಣಿಗೊತ್ತಿಕೊಂಡು ಉಣ್ಣುವ ಹುಡುಗಿ! ಅದನ್ನು ಕಿಟಕಿಯಿಂದ ನೋಡಿದ ಕಸ್ತೂರೆವ್ವ, ಇವಳ ತಾಯಿ ಯಾರೋ, ಎಷ್ಟು ಕಷ್ಟಪಟ್ಟು ಬೆಳೆಸಿದಳೋ ಎಂದುಕೊಂಡಳು.

ಅಂದು ಸಂಜೆ ಕಸ್ತೂರೆವ್ವ ಹೊಸ ತಾಟು ತೆಗೆದು, ಗಂಡಸರು ಬರುವ ಮೊದಲೇ ಸೊಸೆಯನ್ನು ಕೂಡಿಸಿ ಬೇಳೆ, ಪಲ್ಯ ಬಡಿಸಿದಳು. ಎದುರಿಗೆ ತಾನೂ ಕೂತಳು. ಲಗಮಣ್ಣ ಬಾಗಿಲಲ್ಲಿ ಬಂದು ನಿಂತು ಕೆಮ್ಮಿದ.

"ಏನ, ಇವತ್ತ ಗಂಡಸರಿಗೆ ಗೇಟ ಬಂದ್ ಆಗೇತೇನ?"

"ಫ್ಯಾಕ್ಟರಿ ಮುಂದ ಟ್ರಾಲಿ ಪಾಳಿ ಹಚ್ಚಿರತಾವಲ್ಲ, ಹಂಗ ನಿಂದರ್ರಿ. ನಿಮ್ಮ ನಂಬರ ಬಂದಾಗ ಕರೀತೀನಿ."

ಹೇಳುವುದೇನೋ ಹೇಳಿದಳು. ಆದರೆ ಗಂಡ ಮಗ ಹಸಿದು ಕೂತಿರುವಾಗ ಮೊದಲ ತುತ್ತು ಇಳಿಯಲೇ ಇಲ್ಲ; ನೀರು ಕುಡಿದು ನುಂಗಿದಳು. ಸರಿತಾಳದೂ ಅದೇ ಪಾಡು. ಇಬ್ಬರೂ ಕದ್ದು ತಿನ್ನುವವರ ಹಾಗೆ ತಲೆ ತಗ್ಗಿಸಿ ಉಂಡರು. ಶಿವರಾಜ ಒಳಗೆ ಇಣುಕಿ, ಹೆಂಡತಿ ಎರಡನೆಯ ಸಲ ಪಲ್ಯ ಹಾಕಿಕೊಳ್ಳುವುದನ್ನು ನೋಡಿ, ಹೊರಗೆ ಹೋಗಿ ಅಪ್ಪನ ಪಕ್ಕ ಕೂತ.

ಮರುದಿನ ಮುಂಜಾನೆ, ಬರೆದದ್ದು ಇರಲಿ ಎಂದು ಹೇಳಲು ಸ್ನೇಹಲಳನ್ನು ಹುಡುಕಿ ಹೊರಟ ಕಸ್ತೂರೆವ್ವ ಓಣಿಯ ತಿರುವಿನಲ್ಲೇ ನಿಂತಳು. ಸೀತವ್ವನ ಮನೆಯ ಬಾಗಿಲಲ್ಲಿ ಹುಡುಗಿ ನಿಂತಿದ್ದಳು. ಸೀತವ್ವನ ಸೊಸೆಯೂ ಬಸುರಿ. ಸೀತವ್ವ ಬಾಗಿಲಿಗೆ ಅಡ್ಡ ಕೈ ಇಟ್ಟು ಹೇಳುತ್ತಿದ್ದಳು: "ನಮ್ಮ ಮನ್ಯಾಗ ಏನೂ ಕಮ್ಮಿ ಇಲ್ಲವಾ. ಕಮ್ಮಿ ಇದ್ದವರ ಮನಿಗೆ ಹೋಗು." ಓಣಿಯ ನಾಲ್ಕು ಮಂದಿ ಹೆಂಗಸರು ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ಕೇಳುತ್ತ ನಿಂತಿದ್ದರು. ಸ್ನೇಹಲಳ ಬಾಯಲ್ಲಿ ಕಸ್ತೂರೆವ್ವನ ಮನೆಯ ಸುದ್ದಿ ಬರಲಿಲ್ಲ. ಒಂದು ಮಾತು ಹೇಳಿದ್ದರೆ ಅವಳಿಗೆ ಕೆಲಸವಾಗುತ್ತಿತ್ತು, ಹೇಳಲಿಲ್ಲ. "ಆಗಲ್ರಿ," ಎಂದು ತಿರುಗಿದಳು.

ಪಾಲಬಾವಿಗೆ ಈ ಓಣಿಯಿಂದ ಮಾತು ಮುಟ್ಟಲು ಒಂದು ದಿನವೂ ಬೇಡ. ಆದರೂ ಕಸ್ತೂರೆವ್ವ ಮುಂದೆ ಹೋಗಿ ಹುಡುಗಿಯ ಮುಂಗೈ ಹಿಡಿದಳು.

"ಸೀತವ್ವಾ, ಕಮ್ಮಿ ಇದ್ದದ್ದು ನಮ್ಮ ಮನ್ಯಾಗ. ನಮ್ಮ ಸರಿತಾ ಅರ್ಧಾ ಹೊಟ್ಟಿ ಉಣ್ತಿದ್ಲು. ನನ್ನ ಕಣ್ಣ ಮುಂದ, ತುಂಬಿದ ಬುಟ್ಟಿ ಪಕ್ಕದಾಗ. ನನಗ ತಿಳೀಲಿಲ್ಲ. ಇಕಿ ತೂಗಿ ತೋರಿಸಿದ ಮ್ಯಾಲ ತಿಳೀತು."

ನಲ್ಲಿಯ ಹತ್ತಿರ ಕೊಡವೊಂದು ತುಂಬಿ ಹರಿಯಿತು, ಯಾರೂ ಸರಿಸಲಿಲ್ಲ. ಸೀತವ್ವ ಅಡ್ಡ ಇಟ್ಟ ಕೈಯನ್ನು ಮೆಲ್ಲನೆ ಇಳಿಸಿದಳು. ಒಳಗೆ ಒಲೆಯ ಮುಂದೆ ಅವಳ ಸೊಸೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಇತ್ತ ನೋಡುತ್ತಿದ್ದಳು.

"ಬರ್ರಿ ಹಂಗಾರ," ಎಂದಳು ಸೀತವ್ವ, ಮುಖ ಎತ್ತ ಇಡಬೇಕೆಂದು ತಿಳಿಯದೆ. "ತಡೀರಿ, ಒಂದೀಟ ಶಿರಾ ಮಾಡ್ತೀನಿ."

"ಏನೂ ಮಾಡಬ್ಯಾಡ," ಎಂದಳು ಕಸ್ತೂರೆವ್ವ, ಚಪ್ಪಲಿ ಬಿಡುತ್ತ. "ನಿನ್ನ ಸೊಸಿ ಏನ ಉಣ್ತಾಳ, ಅದನ್ನ ತೋರ್ಸು."