ನಗೋ ಕೂಸಿನ ಪುಡಿಕಿ

ಮಾನ್ವಿ ಊರಿನ ಸಮಸ್ತ ಹಿರಿಯರಿಗೆ, ಕಿರಿಯರಿಗೆ, ಬಸ್‌ಸ್ಟ್ಯಾಂಡಿನಾಗ ಕುಂತು ಹೊತ್ತು ಕಳೆಯೋ ಸಕಲ ಮಹನೀಯರಿಗೆ ತಿಳಿಯಪಡಿಸೂದೇನಂದ್ರ: ಸಾವಿರದ ಒಂಬೈನೂರಾ ಎಂಬತ್ತಮೂರನೇ ಇಸ್ವಿ ಮಾರ್ಚ್ ತಿಂಗಳ ಎರಡನೇ ಬುಧವಾರ, ಹೊತ್ತು ಮಾರು ಏರಿದಾಗ, ನಮ್ಮ ಡಾಕ್ಟರ ಸಾಹೇಬ್ರ ಟೇಬಲ್ಲಿನ ಮ್ಯಾಗ ಒಂದು ಪೆನ್ನಿನ ಸ್ಟ್ಯಾಂಡಿನ ಪ್ರತಿಷ್ಠಾಪನಾ ಆತು. ಪಿಂಗಾಣಿದು. ಮನುಷ್ಯಾನ ಕರಳಿನ ಆಕಾರದ್ದು. ನಡುವಿನ ತೂತಿನಾಗ ಎರಡು ಪೆನ್ನು. ಪೆನ್ನಿನ ಮ್ಯಾಗೂ ಕರಳಿನ ಮ್ಯಾಗೂ ಕೆಂಪು ಇಂಗ್ಲೀಷ್ ಅಕ್ಷರದಾಗ ಒಂದೇ ಹೆಸರು: ಗಟ್ಟಿನಾಲ್.

ಗಟ್ಟಿನಾಲ್ ಅಂದ್ರ ಬೇದಿ ಔಷಧಿ, ಹಳದಿ ಬಣ್ಣದ್ದು. ಪ್ರತಿಷ್ಠಾಪನಾ ಮಾಡಿದಾತ ಅದನ್ನ ಮಾಡೋ ಬೊಂಬಾಯಿ ಕಂಪನಿ ಪ್ರತಿನಿಧಿ. ತಿಂಗಳಿಗೊಮ್ಮೆ ರಾಯಚೂರಿನಿಂದ ಬಸ್ಸಿನಾಗ ಬರ್ತಿದ್ದ, ಕೊಳ್ಳಾಗ ಟೈ, ಕೈಯಾಗ ಕರೀ ಬ್ಯಾಗು. ಪ್ರತಿನಿಧಿ ಅನ್ನೋ ಹೆಸರು ಅವನಿಗೆ ಬರೋಬ್ಬರಿ ಒಪ್ತಿತ್ತು. ಬ್ಯಾಗು ತೆರೆದ ಪ್ರತಿ ಸಲ ಒಂದು ನಿಧಿ ಹೊರಗ ಬರ್ತಿತ್ತು. ಮೊದಲು ಕ್ಯಾಲೆಂಡರು, ಆಮ್ಯಾಲೆ ಡಾಕ್ಟರ ಹೆಂಡ್ತಿಗೆ ಸ್ಟೀಲಿನ ಡಬ್ಬಿ, ಈಗ ಈ ಕರಳು. ಮುಂದಿನ ಬ್ಯಾಸಿಗಿಗೆ ಫ್ರಿಜ್ ಬರ್ತದಂತ ಸುದ್ದಿ. ಮಾನ್ವಿ ಬಿಸಲಿನಾಗ ಫ್ರಿಜ್ ಅಂದ್ರ ಪಡಸಾಲ್ಯಾಗ ಕಾಶ್ಮೀರ ಕಟ್ಟಿದಂಗ. ಶರತ್ತು ಒಂದೇ, ಊರಾಗಿನ ಎಲ್ಲಾ ಬೇದಿಗೂ ಗಟ್ಟಿನಾಲ್ ಬರೀಬೇಕು.

ಡಾಕ್ಟರು ಬರದ್ರು. ಹಾಲು ಕುಡಿಯೋ ಕೂಸಿಗೆ ಅರ್ಧ ಚಮಚ, ಹಲ್ಲು ಬಿದ್ದ ಮುದುಕಗ ಎರಡು ಚಮಚ. ನೆಗಡಿ ಅಂತ ಹೋದವರಿಗೂ, ನಾಳಿ ಬೇದಿ ಆದೀತು ಇಟ್ಟುಕೊಳ್ರಿ ಅಂತ ಬರದ್ರು. ನಾವು ಅದನ್ನ ಚೀಟಿ ಅಂತಿದ್ವಿ. ಅದರ ಬಾಲಕ್ಕ ಒಂದು 'ಂಗ್' ಸಣ್ಣಗ ಕೇಳ್ತಿತ್ತು, ಯಾರೂ ಕಿವಿ ಕೊಡಲಿಲ್ಲ. ಚೀಟಿ ಜೋಡಿ ಒಂದು ಮಾತು ಪುಗಸಟ್ಟೆ ಸಿಗ್ತಿತ್ತು: ಬೇದಿ ನಿಲ್ಲೂತನಕ ನೀರು ಬಂದ್.

ದವಾಖಾನಿ ಎದುರಿಗೇ ಮಹಬೂಬೀ ಕಿರಾಣಿ ಅಂಗಡಿ. ಆಕಿ ಗಂಡ ಖಾಜಾಮಿಯಾ ತಕ್ಕಡಿ ನೋಡ್ತಿದ್ದ, ಆಕಿ ಖಾಜಾಮಿಯಾನ್ನ ನೋಡ್ತಿದ್ಲು. ಆ ವರ್ಷ ಬ್ಯಾಸಿಗ್ಯಾಗ ಮಗಳು ವಾಹಿದಾ ಹನ್ನೊಂದು ತಿಂಗಳ ಗಂಡುಕೂಸು ಎತ್ತಿಕೊಂಡು ತವರಿಗೆ ಬಂದಿದ್ಲು. ಮೇ ತಿಂಗಳಾಗ ಕೂಸಿಗೆ ಬೇದಿ ಹತ್ತಿತು. ಅಡ್ಡರಸ್ತಾ ದಾಟಿದ್ರು, ಚೀಟಿ ತಂದ್ರು, ಗಟ್ಟಿನಾಲ್ ಹಾಕಿದ್ರು, ನೀರು ಬಂದ್ ಮಾಡಿದ್ರು. ಮೊದಲ ದಿನ ಕೂಸು ಅತ್ತಿತು. ಎರಡನೇ ದಿನ ಅತ್ತಿತು, ಕಣ್ಣಾಗ ನೀರೇ ಬರಲಿಲ್ಲ. ಮೂರನೇ ದಿನ ವಾಹಿದಾ ಭಾಂಡೆ ತೊಳೆದು ಬಂದು ಎತ್ತಿಕೊಂಡಾಗ ಆಕಿ ತೊಯ್ದ ಸೆರಗಿನ ತುದಿ ಸಿಕ್ಕಿತು, ಅದನ್ನ ಬಾಯಾಗ ಇಟ್ಟುಕೊಂಡು ಚೀಪಿತು. ಡಾಕ್ಟರು ಬ್ಯಾಡಂದಾರ ಅಂತ ವಾಹಿದಾ ಮೆಲ್ಲಗ ಸೆರಗು ಕಸಗೊಂಡ್ಲು.

ಹೊತ್ತು ಮುಳುಗೂದರೊಳಗ ಕೂಸು ಹೋತು. ಕಿಡಕ್ಯಾಗ ಗಟ್ಟಿನಾಲ್ ಬಾಟ್ಲಿ ಮೂರು ಸಾಲಾಗಿ ನಿಂತಿದ್ವು. ಸೆರಗು ಕಸಗೊಂಡ ಆ ಬಲಗೈಯನ್ನ ವಾಹಿದಾ ಅವತ್ತಿನಿಂದ ಸೀರಿ ಒಳಗ ಮುಚ್ಚಿಕೊಂಡು ಕುಂದ್ರಾಕ ಹತ್ತಿದ್ಲು. ಊಟಕ್ಕೂ ತೆಗೀವಲ್ಲಳು, ತಾಯಿ ತುತ್ತು ಮಾಡಿ ಹಾಕಬೇಕು.

ಎಂಟು ದಿನ ಬಿಟ್ಟು ನರ್ಸಬಾಯಿ ಗೋಪಮ್ಮ ಬಂದ್ಲು, ಸತ್ತ ಕೂಸಿನ ಹೆಸರು ಬರಕೊಳ್ಳಾಕ. ಬರಕೊಂಡು ಹೋಗಬೇಕಾಗಿತ್ತು, ಹೋಗಲಿಲ್ಲ, ಹೊಸ್ತಿಲದಾಗ ಕುಂತ್ಲು. ಬೇದಿಯಿಂದ ಕೂಸು ಸಾಯಾಂಗಿಲ್ಲ, ಮೈಯಾನ ನೀರು ಬತ್ತಿ ಸಾಯ್ತದ, ಟ್ರೇನಿಂಗಿನಾಗ ನಮಗ ಹೇಳಿಕೊಟ್ಟಾರ ಅಂದ್ಲು. ಕಾಸಿ ಆರಿಸಿದ ನೀರು ಒಂದು ಲೀಟರು, ಒಂದು ಮುಟಿಗಿ ಸಕ್ಕರಿ, ಮೂರು ಬೆರಳಿನ ಚಿಟಿಕಿ ಉಪ್ಪು. ಕಲಸಿ ಚಮಚಿಲೆ ಕುಡಸ್ಕೋತ ಇರಬೇಕು.

"ಉಪ್ಪು ಜಾಸ್ತಿ ಆತೋ ಇಲ್ಲೋ ಹೆಂಗ ಗೊತ್ತಾಗಬೇಕು?" ಅಂತ ಮಹಬೂಬೀ ಕೇಳಿದ್ಲು.

"ಕಣ್ಣೀರಿಗಿಂತ ಉಪ್ಪಾಗಬಾರ್ದು, ಅಕ್ಕಾ. ನಾಲಿಗಿಗೆ ಹಚ್ಚಿ ನೋಡು."

ಅಳತಿಗೆ ಆ ಮನಿಯವರು ದೂರ ಹೋಗಬೇಕಾಗಿರಲಿಲ್ಲ. ಮಹಬೂಬೀ ತಿರುಗಿ ಅಂಗಡಿ ನೋಡಿದ್ಲು. ಉಪ್ಪಿನ ಚೀಲ ಎಡಕ್ಕ, ಸಕ್ಕರಿ ಚೀಲ ಬಲಕ್ಕ. ಕೂಸನ್ನ ಮಲಗಿಸಿ ತೂಗತಿದ್ದ ಜೋಳಿಗಿ ಕಟ್ಟಿದ್ದು ಎರಡರ ನಟ್ಟನಡುವ.

ಮೂರು ಖಾಲಿ ಬಾಟ್ಲಿ ಉಡ್ಯಾಗ ಹಾಕ್ಕೊಂಡು ರಸ್ತಾ ದಾಟಿದ್ಲು. ಟೇಬಲ್ಲಿನ ಮ್ಯಾಗಿನ ಕರಳಿನ ಬಾಜೂಕ ಬಾಟ್ಲಿ ಒಂದೊಂದಾಗಿ ಇಟ್ಲು. ನೀರು ಯಾಕ ಬ್ಯಾಡಂದ್ರಿ ಅಂತ ಕೇಳಿದ್ಲು.

ಡಾಕ್ಟರು ಶಾಂತವಾಗೇ ತಿಳಿಸಿ ಹೇಳಿದ್ರು. "ಒಳಗ ಹೋದದ್ದೇ ಹೊರಗ ಬರ್ತದವಾ. ಒಳಗ ಏನೂ ಹಾಕಲಿಲ್ಲಂದ್ರ ಹೊರಗ ಏನು ಬರ್ತದ?"

"ಜೀವ ಹೊರಗ ಬಂತು, ಸಾಬ್."

ಡಾಕ್ಟರು ಪೆನ್ನು ತೆಗೆದ್ರು, ಮತ್ತ ತೂತಿನಾಗ ಇಟ್ರು. ಆಕಿ ಉಪ್ಪು ಸಕ್ಕರಿ ಮಾತು ತೆಗೆದಾಗ ಬಾಗಲಾ ಕಡೆ ನೋಡಿ ದನಿ ಇಳಿಸಿದ್ರು. "ನನಗೂ ಗೊತ್ತದ. ಆದ್ರ ಉಪ್ಪು ಸಕ್ಕರಿ ಅಂತ ಚೀಟಿ ಬರದ್ರ ಮಂದಿ ನನ್ನ ಹತ್ರ ಯಾಕ ಬರ್ತಾರ, ನಿನ್ನ ಅಂಗಡಿಗೆ ಹೋಗ್ತಾರ."

ಉಪ್ಪು ತಿಂದವರು ನೀರು ಕುಡೀಬೇಕು ಅಂತ ಗಾದಿ ಮಾತು ಅದ. ಕಂಪನಿ ಉಪ್ಪು ತಿಂದವರು ಡಾಕ್ಟರು. ನೀರಿಲ್ಲದ ಹೋದದ್ದು ಕೂಸು. ಗಾದಿ ಕಟ್ಟಿದವರು ಗಟ್ಟಿನಾಲ್ ಕಾಲದಾಗ ಇರಲಿಲ್ಲ ಬಿಡ್ರಿ. ಗೊತ್ತಿಲ್ಲದ ಮಾಡಿದ್ರ ತಪ್ಪು ಅಂತೀವಿ. ಗೊತ್ತಿದ್ದು ಮಾಡಿದ್ದಕ್ಕ ನಮ್ಮೂರಾಗ ಪ್ರ್ಯಾಕ್ಟೀಸ್ ಅಂತಿದ್ರು.

ಮಹಬೂಬೀ ವಾಪಸ್ ಬಂದು ಮಂದಿ ಕೂಡಿಸಿ ಬೈಯಲಿಲ್ಲ. ಮಗಳ ಮುಂದ ಸಕ್ಕರಿ ಬುಟ್ಟಿ, ಉಪ್ಪಿನ ಬಟ್ಟಲಾ ಇಟ್ಲು. "ನಿನ್ನ ಕೈ ಹೊರಗ ತೆಗಿ ಬೇಟಿ. ಮುಟಿಗಿ ನಂದು ದೊಡ್ಡದಾಗ್ತದ, ನಿಂದು ಬರೋಬ್ಬರಿ ಅದ."

ಬಾಳ ಹೊತ್ತಿನ ಮ್ಯಾಗ ಆ ಕೈ ಹೊರಗ ಬಂತು.

ಒಂದು ಮುಟಿಗಿ, ಒಂದು ಚಿಟಿಕಿ, ಒಂದು ಪುಡಿಕಿ. ಇನ್ನ ಪುಡಿಕಿ ಕಟ್ಟಾಕ ಕಾಗದ. ಹಳೇ ಪೇಪರಿನಾಗ ಕಟ್ಟಿದ್ರ ಮಳಿಗಾಲದಾಗ ಉಪ್ಪು ಬೆವರಿ ಪುಡಿಕಿ ತೊಯ್ತಿತ್ತು. ದವಾಖಾನಿ ಕಂಪೌಂಡರ್ ಅಯ್ಯಣ್ಣ ಮೊದಲಿನಿಂದ ಇವರ ಅಂಗಡಿಗೆ ರದ್ದಿ ಹಾಕ್ತಿದ್ದ. ಪ್ರತಿನಿಧಿ ತಿಂಗಳಿಗೊಮ್ಮೆ ತಂದು ಸುರಿಯೋ, ಡಾಕ್ಟರು ಒಂದೂ ಓದದ ಹಾಳಿಗಳು. ದಪ್ಪನ್ನ, ನುಣ್ಣನ್ನ, ನೀರು ಬಿದ್ರ ಜಾರೋ ಕಾಗದ. ಮಾನ್ವ್ಯಾಗ ಚಹಾಪುಡಿ, ಅರಿಷಿಣ, ಸುಪಾರಿ ಎಲ್ಲಾ ಅದರಾಗೇ ಕಟ್ಟಿಕೊಂಡು ಹೋಗ್ತಿದ್ವಿ. ಬರದದ್ದು ಇಂಗ್ಲೀಷ್. ತಾಯಿ ಮಗಳಿಗೆ ಬರ್ತಿದ್ದದ್ದು ಉರ್ದು. ನಡುವ ಒಂದು ಗುಂಡನ್ನ ಕೂಸು ಕೈಬಡಕೋತ ನಗೋ ಚಿತ್ರ. ಬೇದಿ ಪುಡಿಕಿ ಯಾವುದು, ಚಹಾದ್ದು ಯಾವುದು ಅಂತ ಓದಾಕ ಬರದ ಹೆಣ್ಮಕ್ಕಳಿಗೂ ಗುರುತು ಸಿಗಲಿ ಅಂತ ವಾಹಿದಾ ಆ ಕೂಸು ಹೊರಗ ಕಾಣೂಹಂಗ ಮಡಚತಿದ್ಲು.

ಮೊದಲ ಪುಡಿಕಿ ಒಯ್ದಾಕಿ ಕರೆಮ್ಮ. ದೇವದುರ್ಗ ಕಡೆ ಗೂಗಲ್ ಅನ್ನೋ ಹಳ್ಳಿಯಾಕಿ, ಕುರಿ ಮೇಸ್ಕೋತ ಮಾನ್ವಿ ಹೊಲದಾಗ ಬಂದು ಹಟ್ಟಿ ಹಾಕಿದ್ರು. ಎರಡು ವರ್ಷದ ಮಗಳು ಹೆಗಲ ಮ್ಯಾಗ ಒಣಾ ಬಟ್ಟಿಯಂಗ ಜೋತುಬಿದ್ದಿತ್ತು. ಕೈಯಾಗ ಡಾಕ್ಟರ ಚೀಟಿ. ಮಹಬೂಬೀ ನೀರು ಕುಡಸು ಅಂದಾಗ ಕರೆಮ್ಮ ಮೋತಿ ಅರಳಿಸಿದ್ಲು.

"ನಾನೂ ಅದೇ ಅಂದೆ ಯವ್ವಾ. ಕುರಿಮರಿಗೆ ಬೇದಿ ಹತ್ತಿದ್ರ ನಾವು ಗಂಜಿನೀರು ಹೊಯ್ತೀವಿ. ಮನಷ್ಯಾರ ಮರಿಗೆ ನೀರು ಬಂದ್ ಮಾಡಂತಾರಲ್ಲ, ಇವರು ಎಂದಾದ್ರೂ ಕುರಿ ಕಾದಾರೇನು?"

ಅಂಗಡಿ ಕಟ್ಟಿ ಮ್ಯಾಗೇ ಕುಂತು ಚಮಚಿಲೆ ಕುಡಸಿದ್ಲು. ಸಂಜಿಕ ಹುಡುಗಿ ಕಣ್ಣು ತೆರೆದು ಬೆಲ್ಲ ಕೇಳಿತು. ವಾಹಿದಾ ಒಳಗ ಹೋಗಿ ಬಾಗಲಾ ಹಾಕ್ಕೊಂಡ್ಲು, ಹೊರಗ ಬಂದಾಗ ಕಣ್ಣು ಕೆಂಪಗಿದ್ವು, ಬಂದಾಕಿನೇ ಮತ್ತ ಪುಡಿಕಿ ಕಟ್ಟಾಕ ಕುಂತ್ಲು.

ಕರೆಮ್ಮ ದೇವದುರ್ಗಕ್ಕ ಹೊಳ್ಳಿ ಹೋಗುವಾಗ ಉಡಿ ತುಂಬ ಪುಡಿಕಿ ಒಯ್ದಳು. ಆಮ್ಯಾಲೆ ಬಸ್ ಕಂಡಕ್ಟರು ಒಯ್ದ್ರು, ಸಂತಿಗೆ ಬಂದವರು ಒಯ್ದ್ರು. ನಗೋ ಕೂಸಿನ ಪುಡಿಕಿ ಕೊಡವಾ ಅಂತ ಕೇಳ್ಕೋತ ಬರ್ತಿದ್ರು, ಪುಗಸಟ್ಟೆ ಒಯ್ತಿದ್ರು. ಔಷಧಿ ಅಂಗಡ್ಯಾಗ ಗಟ್ಟಿನಾಲ್ ಬಾಟ್ಲಿ ಮ್ಯಾಗ ಧೂಳು ಕುಂತಿತು. ಅಷ್ಟು ಗಟ್ಟಿಯಾಗಿ ಅದು ಯಾರ ಹೊಟ್ಯಾಗೂ ಕುಂತಿರಲಿಲ್ಲ. ಬ್ಯಾಸಿಗಿ ಬಂತು, ಫ್ರಿಜ್ ಬರಲಿಲ್ಲ.

ಆಗ ಗೋಪಮ್ಮ ಒಂದು ದೊಡ್ಡ ಹಂಚಿಕಿ ಹಾಕಿದ್ಲು. ರಾಯಚೂರಿನಾಗ ಇಂಥಾದ್ದಕ್ಕೆಲ್ಲ ಮಂಜೂರಿ ಕೊಡೋ ಒಬ್ರು ದೊಡ್ಡ ಸಾಹೇಬ್ರಿದ್ರು. ಅವರು ಒಂದು ಸಹಿ ಹಾಕಿದ್ರ ಮಾನ್ವಿ, ದೇವದುರ್ಗ ಎರಡೂ ತಾಲೂಕಿನ ಎಲ್ಲಾ ನರ್ಸಬಾಯಾರ ಚೀಲದಾಗ ಈ ಪುಡಿಕಿ ಇರ್ತದ, ಹಳ್ಳಿ ಹಳ್ಳಿಗೆ ಹೋಗ್ತದ, ನೀರು ಬಂದ್ ಅನ್ನೋ ಮಾತು ಬಂದ್ ಆಗ್ತದ. ಮಳಿಗಾಲ ಹಿಡಿಯೂದರೊಳಗ ಆಗಬೇಕು, ಯಾಕಂದ್ರ ಹೊಸನೀರು ಬಂದ ತಿಂಗಳಾಗೇ ಕೂಸು ಹೆಚ್ಚು ಹೋಗ್ತಾವ. ಬದುಕಿದ ಕೂಸಿನ ತಾಯಂದಿರ ಹೆಬ್ಬೆಟ್ಟು ಒತ್ತಿಸಿದ ಅರ್ಜಿ, ಮುನ್ನೂರಾ ಹನ್ನೆರಡು ಪುಡಿಕಿ ತುಂಬಿದ ಚೀಲ, ಮಗಳನ್ನ ಎತ್ತಿಕೊಂಡ ಕರೆಮ್ಮ, ಇಷ್ಟು ತಯಾರಿ. ಮಹಬೂಬೀ ಬುರ್ಖಾ ಝಾಡಿಸಿ ಹಾಕ್ಕೊಂಡ್ಲು. ವಾಹಿದಾ ನಾನೂ ಬರ್ತೀನಿ ಅಂದ್ಲು. ಕೂಸು ಹೋದ ಮ್ಯಾಗ ಆಕಿ ಹೊಸ್ತಿಲ ದಾಟಿದ್ದು ಅವತ್ತೇ.

ಸಾಹೇಬ್ರು ಕೆಟ್ಟವರಲ್ಲ. ಅರ್ಜಿ ಪೂರಾ ಓದಿದ್ರು. ಕರೆಮ್ಮನ ಮಗಳ ಕೆನ್ನಿ ಚಿವುಟಿದ್ರು. ಒಂದು ಪುಡಿಕಿ ಬಿಚ್ಚಿ ನೀರಾಗ ಕಲಸಿ ತಾವೇ ಕುಡಿದು, ಬರೋಬ್ಬರಿ ಅದ, ಪುಸ್ತಕದಾಗ ಇರೋದೂ ಇದೇ ಅಂದ್ರು. ಸಹಿ ಮಾಡಾಕ ಪೆನ್ನಿಗೆ ಕೈ ಚಾಚಿದ್ರು.

ಮೂಲ್ಯಾಗ ಒಂದು ಕುರ್ಚಿ ಮ್ಯಾಗ ಟೈ ಕಟ್ಟಿಕೊಂಡು ಪ್ರತಿನಿಧಿ ಕುಂತಿದ್ದ. ಬಾಜೂಕ ಔಷಧಿ ಇನಸ್ಪೆಕ್ಟರು. ಪ್ರತಿನಿಧಿ ಎದ್ದು ಬಂದು ಇನ್ನೊಂದು ಪುಡಿಕಿ ಎತ್ತಿ ಬೆಳಕಿಗೆ ಹಿಡಿದ, ನಗೋ ಕೂಸಿನ ಕೆಳಗಿನ ಕೆಂಪು ಅಕ್ಷರದ ಮ್ಯಾಗ ಬೆರಳಿಟ್ಟ. ಇಲ್ಲಿ ಗಟ್ಟಿನಾಲ್ ಅಂತ ಬರದದ, ಬೇದಿಗೆ ರಾಮಬಾಣ ಅಂತನೂ ಬರದದ, ಇದನ್ನ ನಮ್ಮ ಕಂಪನಿ ಮಾಡಿಲ್ಲ ಅಂದ.

ಇನಸ್ಪೆಕ್ಟರು ಕಾಯ್ದೆ ಪುಸ್ತಕ ತೆರೆದ್ರು. ಒಂದು ಔಷಧಿ ಹೆಸರು ಹಾಕಿದ ಕಾಗದದಾಗ ಇನ್ನೊಬ್ರು ಏನು ಕಟ್ಟಿ ಕೊಟ್ರೂ ಅದು ನಕಲಿ ಔಷಧಿ. ಉಪ್ಪು ತಪ್ಪಲ್ಲ, ಸಕ್ಕರಿ ತಪ್ಪಲ್ಲ, ಕಾಗದ ತಪ್ಪು.

ಹಂಗಾದ್ರ ಕಾಗದ ಬದಲಿ ಮಾಡ್ತೀವಿ ಅಂದ್ಲು ಮಹಬೂಬೀ. ಇಲ್ಲೇ, ಈಗೇ, ಬಿಚ್ಚಿ ಬ್ಯಾರೆ ಕಾಗದದಾಗ ಕಟ್ಟಿಕೊಡ್ತೀವಿ. ವಾಹಿದಾ ಆಗಲೇ ಒಂದು ಪುಡಿಕಿಗೆ ಕೈ ಹಾಕಿದ್ಲು.

"ಮುಟ್ಟಬ್ಯಾಡ್ರಿ," ಅಂದ್ರು ಇನಸ್ಪೆಕ್ಟರು. "ಬಿಚ್ಚಿದ್ರ ಸಾಕ್ಷಿ ನಾಶ ಆಗ್ತದ."

ಪುಡಿಕಿ ಬೆಂಗಳೂರಿಗೆ ಪರೀಕ್ಷಾಕ್ಕ ಹೋಗಬೇಕು, ಕೇಸು ನಡೀಬೇಕು, ಕೇಸು ಮುಗಿಯೂತನಕ ಈ ಫೈಲಿಗೆ ಸಹಿ ಹಾಕಾಕ ಬರಾಂಗಿಲ್ಲ, ಉಪ್ಪು ಸಕ್ಕರಿ ಕೂಡಿಸಿ ಯಾರಿಗೂ ಕೊಡೂದಿಲ್ಲಂತ ಮುಚ್ಚಳಿಕಿ ಬೇರೆ ಬರಕೊಡಬೇಕು. ಎಷ್ಟು ದಿನ ಅಂತ ಗೋಪಮ್ಮ ಕೇಳಿದ್ಲು. ಎರಡು ವರ್ಷ ಆಗಬಹುದು ಅಂದ್ರು. ಎರಡು ಮಳಿಗಾಲ ಅಂತ ಕರೆಮ್ಮ ತನ್ನಷ್ಟಕ್ಕ ಅಂದ್ಲು, ಮಗಳನ್ನ ಎದಿಗೆ ಅವಚಿಕೊಂಡ್ಲು.

ಮಹಬೂಬೀ ಸಾಹೇಬ್ರ ಟೇಬಲ್ಲು ನೋಡಾಕತ್ತಿದ್ಲು. ಅಲ್ಲಿ ಒಂದು ಪಿಂಗಾಣಿ ಕರಳು ಇತ್ತು.

"ಸಾಬ್, ನಿಮ್ಮ ಕೈಯಾಗಿನ ಪೆನ್ನಿನ ಮ್ಯಾಗೂ ಅವೇ ಕೆಂಪು ಅಕ್ಷರ ಅದಾವ. ಅದರಾಗ ಏನು ಔಷಧಿ ಅದ ಏನ್ರಿ? ಅದನ್ನೂ ಜಪ್ತಿ ಮಾಡ್ರಿ."

ಸಾಹೇಬ್ರು ಪೆನ್ನು ನೋಡಿದ್ರು, ಇನಸ್ಪೆಕ್ಟರ ಮೋತಿ ನೋಡಿದ್ರು.

"ಪೆನ್ನು ಕಂಪನಿಯವರೇ ಕೊಟ್ಟದ್ದು," ಅಂದ್ರು ಇನಸ್ಪೆಕ್ಟರು. "ಅದು ಅಸಲಿ."

ಆ ಕಾಗದದಾಗ ಬೇದಿಗೆ ರಾಮಬಾಣ ಅಂತ ಬರದದ್ದು ಹುಟ್ಟಿದಾಗಿನಿಂದ ಸುಳ್ಳೇ ಇತ್ತು. ವಾಹಿದಾ ಅದರಾಗ ಒಂದು ಮುಟಿಗಿ, ಒಂದು ಚಿಟಿಕಿ ಕಟ್ಟಿದ ಮ್ಯಾಗ ಮೊದಲನೇ ಸಲ ಖರೇ ಆತು, ಖರೇ ಆದ ದಿನನೇ ಜಪ್ತಿ ಆತು. ಇನಸ್ಪೆಕ್ಟರು ಸಾಹೇಬ್ರ ಕೈಯಿಂದ ಆ ಅಸಲಿ ಪೆನ್ನು ಇಸಗೊಂಡು ಮಹಜರು ಬರದ್ರು: ನಕಲಿ ಗಟ್ಟಿನಾಲ್, ಪುಡಿಕಿ ಮುನ್ನೂರಾ ಹನ್ನೊಂದು. ಒಂದು ಕಡಿಮಿ, ಯಾಕಂದ್ರ ಅದನ್ನ ಸಾಹೇಬ್ರು ಕುಡಿದಿದ್ರು. ಬರದು ಮುಗಿಸಿ, ಕಟ್ಟಿದವರು ಯಾರು ಅಂತ ಕೇಳಿದ್ರು.

ವಾಹಿದಾ ಬಲಗೈ ಮುಂದ ಚಾಚಿದ್ಲು.